ಮಂಜಿನಂಥ ಗಿಟಾರು, ಮುಳುಗಿದ ದನಿ: ಯಾವ ಬ್ಯಾಂಡಿನಿಂದ ಶುರು ಮಾಡಬೇಕು?

ಮೊದಲ ಸಲ ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ 'ಲವ್‌ಲೆಸ್' ಹಾಕಿದಾಗ ನನ್ನ ಹೆಡ್‌ಫೋನ್ ಕೆಟ್ಟಿದೆ ಅಂದುಕೊಂಡೆ. ವಯರು ಅಲ್ಲಾಡಿಸಿ ನೋಡಿದೆ. ಎಡ ಬಲ ಬದಲಿಸಿ ನೋಡಿದೆ. ಶ್ರುತಿ ಮಾತ್ರ ಕೈಗೆ ಸಿಗದೆ ಆ ಕಡೆ ಈ ಕಡೆ ಜಾರುತ್ತಲೇ ಇತ್ತು. ಹಾಡುವವರು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಡುತ್ತಿದ್ದ ಹಾಗಿತ್ತು. ಎರಡನೇ ಹಾಡಿಗೇ ನಿಲ್ಲಿಸಿದೆ. ಮತ್ತೆ ಆ ಕಡೆ ತಲೆ ಹಾಕಲು ವರ್ಷಗಳೇ ಬೇಕಾದವು. ತಪ್ಪು ಆಲ್ಬಮಿನದಲ್ಲ, ಅದನ್ನೇ ಮೊದಲು ಕೇಳು ಎಂದ ಗೆಳೆಯನದು.

ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಡ್ರೀಮ್ ಪಾಪ್, ಶೂಗೇಜ್ (ವಾದ್ಯಗಳ ಸದ್ದು ಮಂಜಿನ ಹಾಗೆ ಹರಡಿ ದನಿ ಅದರಲ್ಲಿ ಬೆರೆತುಹೋಗುವ ಸಂಗೀತ) ಅನ್ನುವ ಹೆಸರು ಕಿವಿಗೆ ಬಿದ್ದಿದೆ, ಕೇಳುವ ಆಸೆಯೂ ಇದೆ, ಆದರೆ ಯಾವುದರಿಂದ ಶುರು ಮಾಡಬೇಕು ಗೊತ್ತಿಲ್ಲ ಅನ್ನುವವರಿಗೆ ನಾಲ್ಕು ಬ್ಯಾಂಡುಗಳನ್ನು ಎದುರುಬದುರು ಇಡುತ್ತೇನೆ: ಕಾಕ್ಟೋ ಟ್ವಿನ್ಸ್, ಮೈ ಬ್ಲಡಿ ವ್ಯಾಲೆಂಟೈನ್, ಸ್ಲೋಡೈವ್, ಬೀಚ್ ಹೌಸ್. ಇನ್ನೂ ಕೆಲವರನ್ನು ಕೊನೆಗೆ ಬೇಗ ಬೇಗ ಮುಟ್ಟಿ ಹೋಗೋಣ.

ಮೊದಲು ಹೆಸರುಗಳ ವಿಷಯ ಮುಗಿಸಿಬಿಡುತ್ತೇನೆ. ಶೂಗೇಜ್ ಅನ್ನುವುದು ಬ್ರಿಟನ್ನಿನ ಸಂಗೀತ ಪತ್ರಿಕೆಗಳು 1990ರ ಆಸುಪಾಸಿನಲ್ಲಿ ಮಾಡಿದ ಗೇಲಿ. ಈ ಹುಡುಗ ಹುಡುಗಿಯರು ವೇದಿಕೆ ಮೇಲೆ ಕುಣಿಯುವುದಿಲ್ಲ, ಜನರನ್ನು ನೋಡುವುದಿಲ್ಲ, ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡು ನಿಂತಿರುತ್ತಾರೆ ಅಂತ. ಪಾಪ, ಅವರು ನೋಡುತ್ತಿದ್ದದ್ದು ಬೂಟನ್ನಲ್ಲ. ಗಿಟಾರಿನ ಸದ್ದು ಬದಲಿಸಲು ಕಾಲಿನಿಂದ ಒತ್ತುವ, ಕಾಲ ಬಳಿ ಸಾಲಾಗಿ ಇಟ್ಟುಕೊಂಡ ಪೆಡಲುಗಳನ್ನು. ಡ್ರೀಮ್ ಪಾಪ್ ಅನ್ನುವ ಹೆಸರನ್ನು ಲಂಡನ್ನಿನ ಎ.ಆರ್. ಕೇನ್ ಜೋಡಿಯ ಅಲೆಕ್ಸ್ ಅಯೂಲಿ ತಮ್ಮ ಸಂಗೀತಕ್ಕೆ ತಾವೇ ಇಟ್ಟುಕೊಂಡರು. ಒಂದು ಬೈಗುಳ, ಇನ್ನೊಂದು ತಾನೇ ಇಟ್ಟುಕೊಂಡ ಹೆಸರು. ಎರಡೂ ಈಗ ಒಂದೇ ಉಸಿರಿನಲ್ಲಿ ಬರುತ್ತವೆ. ಎರಡರ ನಡುವೆ ಗೆರೆ ಎಳೆಯಲು ಹೊರಟರೆ ದಿನವಿಡೀ ಜಗಳ ಆಡಬಹುದು. ನಾನು ಆ ಗೋಜಿಗೆ ಹೋಗುವುದಿಲ್ಲ.

ದನಿ ಎಲ್ಲಿದೆ ನೋಡಿ

ಈ ಬ್ಯಾಂಡುಗಳಲ್ಲಿ ನಿಮಗೆ ಯಾವುದು ಒಗ್ಗುತ್ತದೆ ಎಂದು ತಿಳಿಯಲು ನಾನು ಕೇಳುವುದು ಒಂದೇ ಪ್ರಶ್ನೆ. ಹಾಡುವ ದನಿ ಎಲ್ಲಿ ಕೂತಿದೆ? ಸಾಮಾನ್ಯ ಪಾಪ್ ಹಾಡಿನಲ್ಲಿ ದನಿ ಮುಂದೆ, ವಾದ್ಯ ಹಿಂದೆ. ಇಲ್ಲಿ ಆ ಲೆಕ್ಕ ಬದಲಾಗುತ್ತದೆ. ಬೀಚ್ ಹೌಸಿನಲ್ಲಿ ದನಿ ಮಂಜಿನ ಮೇಲೆ ತೇಲುತ್ತದೆ. ಸ್ಲೋಡೈವ್‌ನಲ್ಲಿ ಮಂಜಿನ ಜೊತೆ ನಡೆಯುತ್ತದೆ. ಕಾಕ್ಟೋ ಟ್ವಿನ್ಸ್‌ನಲ್ಲಿ ದನಿಯೇ ಒಂದು ವಾದ್ಯ. ಮೈ ಬ್ಲಡಿ ವ್ಯಾಲೆಂಟೈನ್‌ನಲ್ಲಿ ದನಿ ಗಿಟಾರಿನ ಅಡಿಯಲ್ಲಿ ಎಲ್ಲೋ ಮುಳುಗಿದೆ, ಹುಡುಕಿಕೊಳ್ಳಬೇಕು. ನಿಮಗೆ ಹಾಡಿನಲ್ಲಿ ಮಾತು ಬೇಕೇ ಬೇಕು ಅಂದರೆ ಮೊದಲಿನ ಎರಡು. ಮಾತು ಕೇಳಿಸದಿದ್ದರೂ ನಡೆಯುತ್ತದೆ ಅಂದರೆ ಕೊನೆಯ ಎರಡು.

ಇದು ತೀರಾ ಸರಳವಾಯಿತು ಅನ್ನಿಸಬಹುದು. ಆದರೆ ಈ ಸಂಗೀತವನ್ನು ಅರ್ಧಕ್ಕೇ ಬಿಟ್ಟ ನನ್ನ ಪರಿಚಯದವರೆಲ್ಲ ಬಿಟ್ಟಿದ್ದು ಗದ್ದಲದ ಕಾರಣಕ್ಕಲ್ಲ. "ಏನು ಹಾಡ್ತಿದಾರೆ ಅಂತಾನೇ ಗೊತ್ತಾಗ್ತಿಲ್ಲ" ಅನ್ನುವ ಕಾರಣಕ್ಕೆ.

ಕಾಕ್ಟೋ ಟ್ವಿನ್ಸ್: ಅರ್ಥ ಕೇಳಬೇಡಿ

ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಅನ್ನುವ ಕೈಗಾರಿಕಾ ಪಟ್ಟಣದಲ್ಲಿ 1979ರಲ್ಲಿ ಹುಟ್ಟಿದ ಬ್ಯಾಂಡು ಇದು. ಗಿಟಾರಿಗೆ ರಾಬಿನ್ ಗತ್ರಿ, ಹಾಡಲು ಎಲಿಜಬೆತ್ ಫ್ರೇಜರ್. ಬೇಸ್ ನುಡಿಸುವ ಸೈಮನ್ ರೇಮಂಡ್ 1983ರಲ್ಲಿ ಬಂದು ಸೇರಿದರು. ಡ್ರಮ್ಮಿಗೆ ಮನುಷ್ಯರಿಲ್ಲ, ಮಷೀನು. ಗತ್ರಿ ಗಿಟಾರನ್ನು ರಿವರ್ಬ್ (ದೊಡ್ಡ ಕೋಣೆಯಲ್ಲಿ ನುಡಿಸಿದ ಹಾಗೆ ಗುಂಯ್ ಅನ್ನಿಸುವುದು), ಡಿಲೇ (ಪ್ರತಿಧ್ವನಿ), ಕೋರಸ್ (ಒಂದು ಸ್ವರ ಹಲವಾಗಿ ಕೇಳಿಸುವುದು) ಪೆಡಲುಗಳ ಮೂಲಕ ಹಾಯಿಸಿ ಒಂದೊಂದು ಸ್ವರವೂ ನೀರಿನ ಮೇಲೆ ಬಿದ್ದ ಬೆಳಕಿನ ಹಾಗೆ ಒಡೆದು ಹರಡುವಂತೆ ಮಾಡುತ್ತಾರೆ. ಮುಂದೆ ಬಂದ ಎಷ್ಟೋ ಬ್ಯಾಂಡುಗಳ ಸದ್ದಿನ ಬೇರು ಇಲ್ಲಿದೆ.

ಗಿಟಾರು ಹಾಗಿರಲಿ, ಜನ ಬರುವುದು ಫ್ರೇಜರ್ ಅವರ ದನಿಗೆ. ಅವರು ಪದಗಳನ್ನು ಅರ್ಥಕ್ಕಿಂತ ಜಾಸ್ತಿ ಅವುಗಳ ಸದ್ದಿಗಾಗಿ ಆರಿಸಿದರು. ಇಂಗ್ಲಿಷೇ ಮನೆಮಾತಾದವರಿಗೂ ಆ ಸಾಲುಗಳು ಹಿಡಿತಕ್ಕೆ ಸಿಗುವುದಿಲ್ಲ. ಇದರಲ್ಲಿ ನಮಗೊಂದು ಅನುಕೂಲ ಇದೆ ಅಲ್ವಾ? ಇಲ್ಲಿ ಎಲ್ಲರೂ ಸಮಾನರು. ಆಲಾಪನೆ ಕೇಳುವಾಗ 'ತದರಿನ' ಅಂದರೇನು ಅಂತ ಯಾರೂ ಕೇಳುವುದಿಲ್ಲ. ಇಲ್ಲೂ ಹಾಗೇ ಕೂತರೆ ಆಯಿತು. ದನಿ ಮೇಲೇರುತ್ತದೆ, ತಿರುಗುತ್ತದೆ, ಇದ್ದಕ್ಕಿದ್ದಂತೆ ಇನ್ನೊಂದು ದನಿಯಾಗಿ ತನಗೆ ತಾನೇ ಉತ್ತರ ಕೊಡುತ್ತದೆ.

ಯಾವ ಆಲ್ಬಮ್? 1990ರ 'ಹೆವೆನ್ ಆರ್ ಲಾಸ್ ವೇಗಸ್'. ಇದರಲ್ಲಿ ಅನುಮಾನವೇ ಬೇಡ. ಗತ್ರಿ ಮತ್ತು ಫ್ರೇಜರ್ ಅವರ ಮಗಳು ಹುಟ್ಟಿದ್ದು 1989ರಲ್ಲಿ. ಅದರ ಬೆನ್ನಿಗೆ ಬಂದ ಈ ಆಲ್ಬಮ್ಮಿನಲ್ಲಿ ಒಂದು ಬೆಚ್ಚನೆಯ ಹೊಳಪಿದೆ. ಹಾಡುಗಳು ಚಿಕ್ಕವು, ಟ್ಯೂನುಗಳು ಗುನುಗುವಂಥವು, ಅಲ್ಲಲ್ಲಿ ಪದಗಳೂ ಕೇಳಿಸುತ್ತವೆ. 1984ರ 'ಟ್ರೆಷರ್' ಇದಕ್ಕಿಂತ ವಿಚಿತ್ರ, ಇದಕ್ಕಿಂತ ನಾಟಕೀಯ. ಎರಡನೆಯದಾಗಿ ಕೇಳಿ. 1986ರ 'ವಿಕ್ಟೋರಿಯಾಲ್ಯಾಂಡ್'ನಲ್ಲಿ ಡ್ರಮ್ಮು ಇಲ್ಲ ಅನ್ನುವಷ್ಟು ಕಡಿಮೆ, ರೇಮಂಡ್ ಅವರೂ ಇಲ್ಲ. ನಿದ್ದೆಗೆ ಮುಂಚಿನ ಅರ್ಧ ಗಂಟೆಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 1982ರ ಮೊದಲ ಆಲ್ಬಮ್ 'ಗಾರ್ಲಂಡ್ಸ್' ಒಣ, ಕತ್ತಲು. ಬ್ಯಾಂಡನ್ನು ಮೊದಲಿನಿಂದ ಕ್ರಮವಾಗಿ ಕೇಳುತ್ತೇನೆ ಅಂತ ಹಟ ಹಿಡಿದು ಅಲ್ಲಿಂದ ಶುರು ಮಾಡಬೇಡಿ.

ಮೈ ಬ್ಲಡಿ ವ್ಯಾಲೆಂಟೈನ್: ಪೆಡಲಿನ ಮಾಯೆ ಅಲ್ಲ

ಡಬ್ಲಿನ್ನಿನಲ್ಲಿ 1983ರಲ್ಲಿ ಶುರುವಾದ ಬ್ಯಾಂಡು. ಇದರ ಬಗ್ಗೆ ಎಲ್ಲರೂ ಹೇಳುವ ಮಾತು ಒಂದಿದೆ: ಗಿಟಾರ್ ನುಡಿಸುವ ಕೆವಿನ್ ಶೀಲ್ಡ್ಸ್ ರಾಶಿ ರಾಶಿ ಪೆಡಲು ಹಾಕಿ ಗಿಟಾರಿನ ಗೋಡೆ ಕಟ್ಟಿದರು ಅಂತ. ಅಸಲಿ ಗುಟ್ಟು ಅವರ ಬಲಗೈಯಲ್ಲಿದೆ. ಫೆಂಡರ್ ಜಾಝ್‌ಮಾಸ್ಟರ್ ಗಿಟಾರಿನಲ್ಲಿ ತಂತಿಗಳ ಬಿಗಿ ಬದಲಿಸಲು ಒಂದು ಸಣ್ಣ ಲೋಹದ ಕಡ್ಡಿ ಇರುತ್ತದೆ, ಟ್ರೆಮೊಲೊ ಆರ್ಮ್ ಅಂತಾರೆ. ಬೇರೆಯವರು ಅದನ್ನು ಆಗೊಮ್ಮೆ ಈಗೊಮ್ಮೆ ಒತ್ತುತ್ತಾರೆ. ಶೀಲ್ಡ್ಸ್ ಅದನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟುತ್ತಾರೆ. ಪ್ರತಿ ಮೀಟಿಗೂ ಇಡೀ ಕಾರ್ಡು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಒಂಚೂರು ಕೆಳಗೆ ಜಾರಿ ಮೇಲೆ ಬರುತ್ತದೆ. ಅದಕ್ಕೆ ಹಿಂದುಮುಂದಾಗಿ ತಿರುಗಿಸಿದ ರಿವರ್ಬ್ ಸೇರಿದರೆ ಮೀಟಿದ ಏಟು ಮಾಯವಾಗಿ ಬರೀ ಉಬ್ಬರ ಉಳಿಯುತ್ತದೆ. ನನ್ನ ಹೆಡ್‌ಫೋನು ಕೆಟ್ಟಿದೆ ಅನ್ನಿಸಿದ್ದು ಇದರಿಂದ.

'ಲವ್‌ಲೆಸ್' ಬಂದಿದ್ದು 1991ರ ನವೆಂಬರಿನಲ್ಲಿ. ಮಾಡಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು, ಹತ್ತಕ್ಕೂ ಹೆಚ್ಚು ಸ್ಟುಡಿಯೋ ಸುತ್ತಿದ್ದಾಯಿತು. ಆಲ್ಬಮ್ ಹೊರತಂದ ಕಂಪನಿ ಕ್ರಿಯೇಷನ್ ರೆಕಾರ್ಡ್ಸ್ ಖರ್ಚಿನಲ್ಲಿ ಕೈ ಸುಟ್ಟುಕೊಂಡು, ಆಮೇಲೆ ಬ್ಯಾಂಡನ್ನೇ ಬಿಟ್ಟಿತು. ಡ್ರಮ್ಮರ್ ಕಾಲ್ಮ್ ಓ ಕೀಸೋಗ್ ಆಗ ಹುಷಾರಿಲ್ಲದೆ ಇದ್ದರು. ಹಾಗಾಗಿ ಹೆಚ್ಚಿನ ಹಾಡುಗಳಲ್ಲಿ ಅವರು ಬಾರಿಸಿದ ತುಣುಕುಗಳನ್ನು ಜೋಡಿಸಿ ಡ್ರಮ್ಮು ಕಟ್ಟಲಾಗಿದೆ. ಆಲ್ಬಮ್ಮಿಗೆ ಇರುವ ಆ ನಿದ್ದೆಗಣ್ಣಿನ ನಡಿಗೆಗೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಶೀಲ್ಡ್ಸ್ ಮತ್ತು ಬಿಲಿಂಡಾ ಬುಚರ್ ದನಿಗಳು ಎಷ್ಟು ಮೆತ್ತಗೆ, ಎಷ್ಟು ಆಳದಲ್ಲಿವೆ ಅಂದರೆ ಯಾವುದು ಯಾರದು ಅಂತ ಈಗಲೂ ಕೆಲವು ಕಡೆ ನನಗೆ ಗೊಂದಲ.

ಇದನ್ನು ಮೊದಲ ಆಯ್ಕೆಯಾಗಿ ನಾನು ಶಿಫಾರಸು ಮಾಡುವುದು ಒಂದೇ ಬಗೆಯವರಿಗೆ. ಗದ್ದಲ ನಿಮಗೆ ಹೊಸದಲ್ಲ, ಮೆಟಲ್ಲೋ ಎಲೆಕ್ಟ್ರಾನಿಕ್ಕೋ ಕೇಳಿ ಅಭ್ಯಾಸ ಇದೆ, ಹಾಡಿಗಿಂತ ಸದ್ದಿನ ಮೈ ಹೇಗಿದೆ ಅನ್ನುವುದರ ಮೇಲೆ ನಿಮಗೆ ಆಸೆ. ಅಂಥವರು ನೇರ ಇಲ್ಲಿಗೇ ಬನ್ನಿ. ಉಳಿದವರು ಇದನ್ನು ಮೂರನೆಯದಾಗಿ ಇಟ್ಟುಕೊಳ್ಳಿ. ಹಾಡುಗಳನ್ನು ಕಲಸಿ ಹಾಕಬೇಡಿ. ಒಂದು ಹಾಡಿನ ಬಾಲಕ್ಕೆ ಸಣ್ಣ ಸಣ್ಣ ತುಣುಕು ಸೇರಿ ಮುಂದಿನದಕ್ಕೆ ದಾರಿ ಮಾಡುತ್ತವೆ. ಷಫಲ್ ಒತ್ತಿದರೆ ಆ ಸೇತುವೆಗಳೆಲ್ಲ ಎಲ್ಲೋ ನಡುವೆ ನೇತಾಡುತ್ತವೆ. ಸದ್ದು ಒರಟಾಗಿರಲಿ, ಗಿಟಾರು ಗಿಟಾರಿನ ಹಾಗೇ ಕೇಳಿಸಲಿ ಅನ್ನುವವರಿಗೆ 1988ರ 'ಈಸಂಟ್ ಎನಿಥಿಂಗ್' ಮೇಲು.

ಸ್ಲೋಡೈವ್: ಹೆಚ್ಚಿನವರಿಗೆ ಇದೇ ಬಾಗಿಲು

ಇಂಗ್ಲೆಂಡಿನ ರೆಡಿಂಗ್ ಊರಿನ ನೀಲ್ ಹ್ಯಾಲ್‌ಸ್ಟೆಡ್ ಮತ್ತು ರೇಚಲ್ ಗೋಸ್ವೆಲ್ ಚಿಕ್ಕಂದಿನಿಂದ ಗೆಳೆಯರು. 1989ರಲ್ಲಿ ಬ್ಯಾಂಡು ಕಟ್ಟಿದರು. ಮೂರು ಗಿಟಾರು, ಇಬ್ಬರ ದನಿ. ಮೈ ಬ್ಲಡಿ ವ್ಯಾಲೆಂಟೈನ್ ಗಿಟಾರು ಮೈಮೇಲೆ ಬಿದ್ದರೆ ಇವರ ಗಿಟಾರು ಮೆಲ್ಲಗೆ ಸುತ್ತಿಕೊಳ್ಳುತ್ತದೆ. ಗದ್ದಲ ಇದೆ, ಆದರೆ ಚೂಪು ಇಲ್ಲ.

ಇವರ ಕಥೆ ಗೊತ್ತಿದ್ದರೆ ಹಾಡು ಇನ್ನೂ ಹತ್ತಿರವಾಗುತ್ತದೆ. 1991ರ ಮೊದಲ ಆಲ್ಬಮ್ಮಿನ ಹೊತ್ತಿಗೆ ಬ್ರಿಟನ್ನಿನ ಪತ್ರಿಕೆಗಳ ಗಾಳಿ ತಿರುಗಿತ್ತು. ನಿನ್ನೆ ಹೊಗಳಿದವರೇ ಇವತ್ತು ತೆಗಳತೊಡಗಿದ್ದರು. 1993ರಲ್ಲಿ ಬಂದ 'ಸೂವ್ಲಾಕಿ'ಗೆ ಆಗ ಸಿಕ್ಕಿದ್ದು ಹೆಚ್ಚಾಗಿ ತಾತ್ಸಾರ. ಹಿನ್ನೆಲೆಯಲ್ಲಿ ಮೆಲ್ಲಗೆ ಹರಡುವ ಆಂಬಿಯೆಂಟ್ ಸಂಗೀತಕ್ಕೆ ಹೆಸರಾದ ಬ್ರಯಾನ್ ಈನೋ ಅದರ ಎರಡು ಹಾಡುಗಳಲ್ಲಿ ಕೈ ಜೋಡಿಸಿದ್ದೂ ಕೆಲಸಕ್ಕೆ ಬರಲಿಲ್ಲ. 1995ರಲ್ಲಿ ಹೆಚ್ಚು ಕಡಿಮೆ ಹಾಡೇ ಅಲ್ಲದ, ಖಾಲಿ ಕೋಣೆಯಂಥ 'ಪಿಗ್ಮೇಲಿಯನ್' ಕೊಟ್ಟರು. ಕ್ರಿಯೇಷನ್ ಇವರನ್ನೂ ಕೈಬಿಟ್ಟಿತು. ಹ್ಯಾಲ್‌ಸ್ಟೆಡ್, ಗೋಸ್ವೆಲ್ ಇಬ್ಬರೂ ಮೊಹಾವಿ 3 ಅನ್ನುವ ಬೇರೆ ಬ್ಯಾಂಡು ಮಾಡಿಕೊಂಡು ಮೆಲುದನಿಯ ಜಾನಪದದ ಕಡೆ ಹೋದರು. 2014ರಲ್ಲಿ ಸ್ಲೋಡೈವ್ ಮತ್ತೆ ಸೇರಿದಾಗ, ಅಂದು ಹುಟ್ಟೇ ಇರದ ಹುಡುಗರು ಕಾದು ನಿಂತಿದ್ದರು.

ಈಗ ಆಯ್ಕೆ. ಎಲ್ಲರೂ 'ಸೂವ್ಲಾಕಿ' ಅನ್ನುತ್ತಾರೆ. ನಾನು ಸ್ವಲ್ಪ ತಕರಾರು ಮಾಡುತ್ತೇನೆ. 2017ರಲ್ಲಿ ಬ್ಯಾಂಡಿನ ಹೆಸರಲ್ಲೇ ಬಂದ ಆಲ್ಬಮ್ಮಿನಿಂದ ಶುರು ಮಾಡಿ. ಎಂಟೇ ಹಾಡು. ಸದ್ದು ತಿಳಿಯಾಗಿದೆ, ಡ್ರಮ್ಮು ಗಟ್ಟಿಯಾಗಿದೆ, ದನಿ ಹೊರಗೆ ಬಂದಿದೆ, ಆದರೂ ಮಂಜು ಮಂಜಾಗಿಯೇ ಉಳಿದಿದೆ. ಇಪ್ಪತ್ತು ವರ್ಷದ ಮೇಲೆ ಮತ್ತೆ ಕೂಡಿದ ಬ್ಯಾಂಡುಗಳು ಸಾಮಾನ್ಯವಾಗಿ ತಮ್ಮ ಹಳೇ ಹಾಡಿನ ನೆರಳನ್ನೇ ಹಾಡುತ್ತವೆ. ಇವರು ಹಾಗೆ ಮಾಡಲಿಲ್ಲ. ಆಮೇಲೆ 'ಸೂವ್ಲಾಕಿ'ಗೆ ಹೋಗಿ. ಆಲ್ಬಮ್ಮಿನ ಕೊನೆಗೆ ಪೆಡಲೆಲ್ಲ ಬದಿಗಿಟ್ಟು ಸುಮ್ನೆ ಒಂದು ಅಕೌಸ್ಟಿಕ್ ಗಿಟಾರು ಹಿಡಿದು ಹಾಡಿದ ಹಾಡೊಂದಿದೆ. ಅಷ್ಟೂ ಹೊತ್ತು ಮಂಜಿನ ಹಿಂದೆ ಇದ್ದದ್ದು ಇಷ್ಟು ಸರಳವಾದ ಹಾಡೇ ಅಂತ ಅಲ್ಲಿ ಗೊತ್ತಾಗುತ್ತದೆ. 2023ರ 'ಎವೆರಿಥಿಂಗ್ ಈಸ್ ಅಲೈವ್' ಗೋಸ್ವೆಲ್ ಅವರ ತಾಯಿ ಮತ್ತು ಡ್ರಮ್ಮರ್ ಸೈಮನ್ ಸ್ಕಾಟ್ ಅವರ ತಂದೆಯ ನೆನಪಿಗೆ ಅರ್ಪಿಸಿದ್ದು. ಸಿಂಥಸೈಜರ್ ಜಾಸ್ತಿ, ದುಃಖ ಇದ್ದರೂ ಭಾರ ಇಲ್ಲ.

ಬೀಚ್ ಹೌಸ್, ಮತ್ತು ಎಲ್ಲ ಹಾಡೂ ಒಂದೇ ಥರ ಅನ್ನುವ ದೂರು

ಅಮೆರಿಕದ ಬಾಲ್ಟಿಮೋರಿನ ಇಬ್ಬರ ಬ್ಯಾಂಡು, 2004ರಿಂದ. ವಿಕ್ಟೋರಿಯಾ ಲೆಗ್ರಾಂಡ್ ಹಾಡುತ್ತಾರೆ, ಆರ್ಗನ್ ನುಡಿಸುತ್ತಾರೆ. ಅಲೆಕ್ಸ್ ಸ್ಕ್ಯಾಲಿ ಗಿಟಾರಿನ ತಂತಿ ಮೇಲೆ ಸ್ಲೈಡ್ ಅನ್ನುವ ಕೊಳವೆ ಜಾರಿಸಿ ಸ್ವರ ಎಳೆಯುತ್ತಾರೆ. ಹಿಂದೆ ಹಳೇ ಡ್ರಮ್ ಮಷೀನು ನಿಧಾನಕ್ಕೆ ಟಿಕ್ ಟಿಕ್ ಅನ್ನುತ್ತಿರುತ್ತದೆ. ಲೆಗ್ರಾಂಡ್ ದನಿ ಆಳ, ಸ್ವಲ್ಪ ಗಡಸು. ನಾಲ್ಕರಲ್ಲಿ ಹಾಡನ್ನು ಹಾಡಿನಂತೆ ಕೊಡುವವರು ಇವರೇ: ಪಲ್ಲವಿ ಬರುತ್ತದೆ, ಮತ್ತೆ ಬರುತ್ತದೆ, ನಿಮಗೆ ಬಾಯಿಗೆ ಬರುತ್ತದೆ.

ಇವರ ಮೇಲೆ ಒಂದು ಹಳೇ ದೂರು. ಎಲ್ಲ ಹಾಡೂ ಒಂದೇ ಥರ ಇದೆ ಅಂತ. ದೂರು ಸುಳ್ಳಲ್ಲ. 2010ರ 'ಟೀನ್ ಡ್ರೀಮ್', 2012ರ 'ಬ್ಲೂಮ್' ಎರಡನ್ನೂ ಬೆನ್ನು ಬೆನ್ನಿಗೆ ಹಾಕಿದರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಹೊಸಬರಿಗೆ ತಿಳಿಯುವುದು ಕಷ್ಟ. 2022ರ 'ವನ್ಸ್ ಟ್ವೈಸ್ ಮೆಲಡಿ'ಯಲ್ಲಿ 18 ಹಾಡುಗಳಿವೆ. ಅದನ್ನು ಅವರೇ ನಾಲ್ಕು ಕಂತಿನಲ್ಲಿ ಬಿಟ್ಟಿದ್ದರು. ನೀವೂ ಕಂತಿನಲ್ಲೇ ಕೇಳಿ, ಒಂದೇ ಸಲ ಕೂತರೆ ನನಗಂತೂ ಸುಸ್ತಾಗುತ್ತದೆ. ಆದರೆ ಈ ಒಂದೇ ಥರ ಅನ್ನುವುದು ಕೆಲಸ ಮಾಡುವಾಗ, ಓದುವಾಗ, ರಾತ್ರಿ ಗಾಡಿ ಓಡಿಸುವಾಗ ವರ. ಮನಸ್ಸನ್ನು ಎಲ್ಲೂ ಎಳೆದಾಡುವುದಿಲ್ಲ.

ಮೊದಲಿಗೆ 'ಟೀನ್ ಡ್ರೀಮ್'. ಟ್ಯೂನುಗಳು ಅದರಲ್ಲಿ ಅತಿ ಸ್ಪಷ್ಟ. ಗಿಟಾರು ಸ್ವಲ್ಪ ಒರಟಾಗಿರಲಿ, ಶೂಗೇಜಿನ ಕಡೆ ವಾಲಿರಲಿ ಅನ್ನುವವರಿಗೆ 2018ರ '7'.

ಸ್ಲೋಡೈವೋ ಬೀಚ್ ಹೌಸೋ?

ನಿಜವಾಗಿ ತಲೆ ಕೆರೆದುಕೊಳ್ಳುವಂತೆ ಮಾಡುವ ಆಯ್ಕೆ ಇದೊಂದೇ. ಉಳಿದವು ಒಂದಕ್ಕೊಂದು ದೂರ ಇವೆ, ಈ ಎರಡು ಅಕ್ಕಪಕ್ಕದ ಮನೆ. ಎರಡೂ ನಿಧಾನ, ಎರಡರಲ್ಲೂ ವಿಷಾದ, ಎರಡೂ ರಾತ್ರಿಗೆ ಸರಿಹೋಗುತ್ತವೆ.

ವ್ಯತ್ಯಾಸ ಗೊತ್ತಾಗುವುದು ಹಾಡು ಮುಗಿದ ಮೇಲೆ. ಬೀಚ್ ಹೌಸ್ ಮುಗಿದ ಮೇಲೆ ನಾಲಿಗೆ ಮೇಲೆ ಒಂದು ಸಾಲು ಉಳಿದಿರುತ್ತದೆ, ಮರುದಿನ ಬಟ್ಟೆ ಮಡಚುವಾಗ ಅದೇ ಬಾಯಿಗೆ ಬರುತ್ತದೆ. ಸ್ಲೋಡೈವ್ ಮುಗಿದ ಮೇಲೆ ಸಾಲು ನೆನಪಿರುವುದಿಲ್ಲ, ಗುಂಗು ಇರುತ್ತದೆ. ಏನನ್ನೋ ಕಳೆದುಕೊಂಡ ಹಾಗೆ, ಆದರೆ ಏನು ಅಂತ ಹೇಳಲು ಬಾರದ ಹಾಗೆ. ನಿಮಗೆ ಸಾಲು ಬೇಕೋ ಗುಂಗು ಬೇಕೋ ನೋಡಿಕೊಳ್ಳಿ. ಎರಡರಿಂದಲೂ ಒಂದೊಂದು ಹಾಡನ್ನು ಒಂದೇ ಸಂಜೆ, ಬೇರೇನೂ ಮಾಡದೆ ಕೇಳಿ. ಮರುದಿನ ಬೆಳಿಗ್ಗೆ ಯಾವುದು ಉಳಿದಿದೆಯೋ ಅದು ನಿಮ್ಮದು.

ಕೇಳುವ ಸಾಧನವೂ ಲೆಕ್ಕಕ್ಕೆ ಬರುತ್ತದೆ. ಬೀಚ್ ಹೌಸ್ ಫೋನಿನ ಪುಟ್ಟ ಸ್ಪೀಕರಿನಲ್ಲೂ ಬದುಕುತ್ತದೆ, ದನಿ ಮುಂದಿದೆಯಲ್ಲ. ಸ್ಲೋಡೈವ್‌ಗೆ ಹೆಡ್‌ಫೋನು ಬೇಕು. 'ಲವ್‌ಲೆಸ್' ಅನ್ನು ಫೋನಿನ ಸ್ಪೀಕರಿನಲ್ಲಿ ಹಾಕಿದರೆ ಕೇಳಿಸುವುದು ಕೆಟ್ಟ ಮಿಕ್ಸಿಯ ಸದ್ದು. ಅದಕ್ಕೆ ಒಳ್ಳೆಯ ಸ್ಪೀಕರು, ಕೋಣೆಯ ಗಾಳಿ ಬೇಕು. ಹಾಗಂತ ಹೆಡ್‌ಫೋನಿನಲ್ಲಿ ವಾಲ್ಯೂಮು ಏರಿಸಬೇಡಿ. ಜೋರಾಗಿಟ್ಟರೇ ಶೂಗೇಜ್ ಅನ್ನುವುದು ಹಳೇ ನಂಬಿಕೆ. ಕಡಿಮೆ ಸದ್ದಿನಲ್ಲಿ ಪದರಗಳು ಚೆನ್ನಾಗಿ ಬಿಡಿಸಿಕೊಳ್ಳುತ್ತವೆ, ಕಿವಿಯೂ ಉಳಿಯುತ್ತದೆ. ಮೈ ಬ್ಲಡಿ ವ್ಯಾಲೆಂಟೈನ್ ತಮ್ಮ ಕಛೇರಿಗಳಲ್ಲಿ ಒಂದು ಹಾಡಿನ ನಡುವೆ ಒಂದೇ ಗದ್ದಲವನ್ನು ನಿಮಿಷಗಟ್ಟಲೆ ಹಿಡಿದು ನಿಲ್ಲಿಸುತ್ತಾರೆ. ಬಂದವರಿಗೆ ಕಿವಿಗೆ ಹಾಕಿಕೊಳ್ಳಲು ಇಯರ್‌ಪ್ಲಗ್ ಹಂಚುತ್ತಾರೆ. ಹಂಚಿದ್ದನ್ನು ಹಾಕಿಕೊಳ್ಳಿ.

ಇವರೂ ಇದ್ದಾರೆ

ರಾಕ್ ಕೇಳಿ ಬೆಳೆದವರಿಗೆ ಆಕ್ಸ್‌ಫರ್ಡಿನ ರೈಡ್. 1990ರ 'ನೋವೇರ್'ನಲ್ಲಿ ಡ್ರಮ್ಮು ಕುದುರೆಯ ಹಾಗೆ ಓಡುತ್ತದೆ. ಹೆಣ್ಣುದನಿಗಳ ಜೋಡಿ ಇಷ್ಟ ಅಂದರೆ ಲಂಡನ್ನಿನ ಲಷ್. ಅವರ 1992ರ 'ಸ್ಪೂಕಿ'ಯನ್ನು ಪ್ರೊಡ್ಯೂಸ್ ಮಾಡಿದ್ದು ನಮ್ಮ ಗತ್ರಿಯೇ, ಕೇಳಿದ ಕೂಡಲೇ ಗೊತ್ತಾಗುತ್ತದೆ. ಕೆಲವರಿಗೆ ಆ ಗತ್ರಿ ಹೊಳಪು ಜಾಸ್ತಿಯಾಯಿತು ಅನ್ನಿಸುತ್ತದೆ, ನನಗೂ ಒಮ್ಮೊಮ್ಮೆ. ಲವಲವಿಕೆಯ ಪಾಪ್ ಬೇಕು, ಮಂಜು ಚಿಟಿಕೆಯಷ್ಟು ಸಾಕು ಅನ್ನುವವರಿಗೆ ಟೊರಾಂಟೋದ ಆಲ್ವೇಸ್, ಅದರಲ್ಲೂ 2022ರ 'ಬ್ಲೂ ರೆವ್'. ಮಾತು ಪಿಸುಮಾತಿನಷ್ಟೇ ಇರಲಿ, ಗಿಟಾರು ನಾಲ್ಕೇ ಸ್ವರ ನುಡಿಸಲಿ ಅಂದರೆ ಸಿಗರೇಟ್ಸ್ ಆಫ್ಟರ್ ಸೆಕ್ಸ್. 2012ರ ಅವರ ಮೊದಲ ಧ್ವನಿಮುದ್ರಣ ನಡೆದಿದ್ದು ಟೆಕ್ಸಸ್ಸಿನ ಎಲ್ ಪಾಸೋದಲ್ಲಿ, ವಿಶ್ವವಿದ್ಯಾಲಯವೊಂದರಲ್ಲಿ ನಾಲ್ಕು ಅಂತಸ್ತು ಏರುವ ಮೆಟ್ಟಿಲುಗಳ ಜಾಗದಲ್ಲಿ. ರಿವರ್ಬನ್ನು ಕಟ್ಟಡವೇ ಕೊಟ್ಟಿತು. ಮೆಟಲ್ ಅಭಿಮಾನಿಗಳಿಗೆ ಸ್ಯಾನ್ ಫ್ರಾನ್ಸಿಸ್ಕೋದ ಡೆಫ್‌ಹೆವನ್, 2013ರ 'ಸನ್‌ಬೇದರ್'. ಅಲ್ಲಿ ದನಿ ಕಿರುಚುತ್ತದೆ, ಗಿಟಾರು ಹೊಳೆಯುತ್ತದೆ. ಈ ಜೋಡಣೆ ಎಲ್ಲರಿಗೂ ಒಗ್ಗುವುದಿಲ್ಲ.

ನಾಲ್ಕನ್ನೂ ದಾಟಿ 'ಲವ್‌ಲೆಸ್' ಕೂಡ ಕೈಗೆ ಬಂದವರಿಗೆ ಇನ್ನೊಂದು ಉಳಿದಿದೆ. 21 ವರ್ಷಕ್ಕೂ ಹೆಚ್ಚು ಕಾಯಿಸಿ 2013ರಲ್ಲಿ ಮೈ ಬ್ಲಡಿ ವ್ಯಾಲೆಂಟೈನ್ ಕೊಟ್ಟ 'ಎಂ ಬಿ ವಿ'. ಮೊದಲ ಮೂರು ಹಾಡು ಹಳೇ ಮನೆಗೆ ಮರಳಿದ ಹಾಗಿವೆ, ಆಮೇಲೆ ನಿಧಾನಕ್ಕೆ ದಾರಿ ಬೇರೆಯಾಗುತ್ತದೆ. ಕೊನೆಯ ಹಾಡಿನಲ್ಲಂತೂ ಇಡೀ ಸಂಗೀತದ ಮೇಲೆ ವಿಮಾನ ಹಾರಿ ಹೋದಂಥ ಸದ್ದು. ಈ ಸಲ ನಾನು ಹೆಡ್‌ಫೋನಿನ ವಯರು ಅಲ್ಲಾಡಿಸಲಿಲ್ಲ. ಎದ್ದು ಹೋಗಿ ಕಿಟಕಿಯಿಂದ ಮೇಲೆ ನೋಡಿದೆ.